ಮಳೆಗಾಲಕ್ಕೆ ಮನೆಯೊಳಗೆ ಸೈಕಲ್: ಟ್ರೈನರ್ ಕೊಳ್ಳುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಮಳೆ ಹಿಡಿಯುವ ಮುಂಚೆ ಮನೆಯೊಳಗೇ ಸೈಕಲ್ ತುಳಿಯುವ ವ್ಯವಸ್ಥೆ ಮಾಡಿಕೊಳ್ಳಬೇಕು, ಯಾವ ಟ್ರೈನರ್ (ನಮ್ಮದೇ ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬರುವ ಯಂತ್ರ) ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ಶಿವಮೊಗ್ಗದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿರುವ ನನಗೆ ಇದು ಪ್ರತಿ ವರ್ಷ ಮೇ ತಿಂಗಳಲ್ಲಿ ಎದುರಾಗುವ ಪ್ರಶ್ನೆ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕಿ. ಬೆಳಿಗ್ಗೆ ಇಕ್ಕೇರಿ ಕಡೆಗೆ ಒಂದು ಸುತ್ತು ಸೈಕಲ್ ಹೊಡೆಯುವ ಅಭ್ಯಾಸ. ಜೂನ್ ಬಂದರೆ ಸೆಪ್ಟೆಂಬರ್‌ವರೆಗೆ ಎಲ್ಲ ಬಂದ್. ನನ್ನದು 7 ಗೇರಿನ ಹೈಬ್ರಿಡ್ ಸೈಕಲ್. ಬೆಂಗಳೂರಿನಲ್ಲಿರುವ ತಮ್ಮ 'ಡೈರೆಕ್ಟ್ ಡ್ರೈವ್ ಸ್ಮಾರ್ಟ್ ಟ್ರೈನರೇ ತಗೋ, ಬೇರೆಯದೆಲ್ಲ ದಂಡ' ಅನ್ನುತ್ತಾನೆ. ಅದರ ಬೆಲೆ ನನ್ನ ಸೈಕಲ್ಲಿಗಿಂತ ಜಾಸ್ತಿ ಇದೆ. ನಿಜವಾಗಿ ಬೇಕಾ?
— ಸಾಗರ

ಉತ್ತರ: ಬೇಡ ಟೀಚರ್. ನಿಮ್ಮ ತಮ್ಮನ ಸೈಕಲ್ಲಿಗೆ ಅದು ಸರಿ ಇರಬಹುದು, ನಿಮ್ಮದಕ್ಕೆ ಹೊಂದುವುದಿಲ್ಲ. ಯಾವ ಟ್ರೈನರ್ ನೋಡುವ ಮುಂಚೆಯೂ ಕೆಳಗೆ ಕೂತು ನಿಮ್ಮ ಸೈಕಲ್ಲಿನ ಹಿಂದಿನ ಚಕ್ರ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಡೈರೆಕ್ಟ್ ಡ್ರೈವ್ ಅಂದರೆ ಹಿಂದಿನ ಚಕ್ರ ಕಳಚಿಟ್ಟು, ಆ ಜಾಗಕ್ಕೆ ಟ್ರೈನರನ್ನೇ ಜೋಡಿಸುವುದು. ಚೈನು ಟ್ರೈನರಿನ ಮೇಲಿರುವ ಕ್ಯಾಸೆಟ್ ಮೇಲೆ ಓಡುತ್ತದೆ. ಕ್ಯಾಸೆಟ್ ಅಂದರೆ ಹಬ್ಬಿನ (ಚಕ್ರದ ನಡುಭಾಗದ) ಮೇಲೆ ಜಾರಿಸಿ ಕೂರಿಸುವ ಗೇರುಗಳ ಗುಂಪು. 8 ಗೇರಿನಿಂದ ಮೇಲಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ನಮ್ಮಲ್ಲಿ ಮಾರಾಟವಾಗುವ 7 ಗೇರಿನ ಸೈಕಲ್‌ಗಳಲ್ಲಿ ಹೆಚ್ಚಿನವಕ್ಕೆ ಫ್ರೀವೀಲ್ ಇರುತ್ತದೆ. ಅದನ್ನು ಹಬ್ಬಿನ ಥ್ರೆಡ್ ಮೇಲೆ ತಿರುಗಿಸಿ ಬಿಗಿದಿರುತ್ತಾರೆ. ಬಿಚ್ಚಿ ತಂದರೂ ಟ್ರೈನರಿನ ಮೇಲೆ ಕೂರುವುದಿಲ್ಲ. ಬೇರೆ 7 ಗೇರಿನ ಕ್ಯಾಸೆಟ್ ಕೊಂಡು, ಅದರ ಹಿಂದೆ 4.5 ಮಿಲಿಮೀಟರ್ ದಪ್ಪದ ಸ್ಪೇಸರ್ (ಸಂದು ತುಂಬುವ ಬಳೆ) ಹಾಕಬೇಕು. ಟ್ರೈನರಿನ ಹಬ್ 11 ಗೇರಿನ ಅಳತೆಯದಾದರೆ 1.85 ಮಿಲಿಮೀಟರಿನ ಇನ್ನೊಂದು ಸ್ಪೇಸರ್ ಸೇರಿಸಬೇಕು. ಆಮೇಲೆ ಗೇರು ಸರಿಯಾಗಿ ಬೀಳುವಂತೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಸೆಟ್ ಮಾಡಬೇಕು. ಮಳೆ ಹೋದ ಮೇಲೆ ಚಕ್ರ ವಾಪಸ್ ಹಾಕುವಾಗ ಅದೇ ಕೆಲಸ ಇನ್ನೊಮ್ಮೆ. ಮಾಡಲಾಗದ್ದೇನಲ್ಲ, ನಾನೂ ಮಾಡಿಕೊಡುತ್ತೇನೆ. ಆದರೆ ಅರ್ಧ ಗಂಟೆಯ ವ್ಯಾಯಾಮಕ್ಕೆ ಇಷ್ಟೊಂದು ತಾಪತ್ರಯ ಯಾಕೆ?

ಎರಡನೆಯ ಮಾತು ಕರೆಂಟಿನದ್ದು. ಸ್ಮಾರ್ಟ್ ಟ್ರೈನರ್ ಅಂದರೆ ಆ್ಯಪಿಗೆ ಜೋಡಿಸಿಕೊಂಡು ಪೆಡಲಿನ ಬಿಗಿಯನ್ನು ತಾನೇ ಹೊಂದಿಸುವ ಯಂತ್ರ. ಅವುಗಳಲ್ಲಿ ಬಹುಪಾಲು ಪ್ಲಗ್ಗಿಗೆ ಚುಚ್ಚಿದರೆ ಮಾತ್ರ ಕೆಲಸ ಮಾಡುತ್ತವೆ. ಕರೆಂಟ್ ಹೋದರೆ ಪೆಡಲಿಗೆ ಬಿಗಿಯೇ ಇರುವುದಿಲ್ಲ, ಸುಮ್ನೆ ತಿರುಗುತ್ತದೆ. ಟ್ಯಾಕ್ಸ್ ಕಂಪನಿಯ ನಿಯೋ ತರಹದ ಕೆಲವೇ ಯಂತ್ರಗಳು ನೀವು ತುಳಿದ ಶಕ್ತಿಯಿಂದಲೇ ನಡೆಯುತ್ತವೆ, ಅವು ಬಲು ದುಬಾರಿ. ಜುಲೈ ತಿಂಗಳ ಸಾಗರದಲ್ಲಿ ಗಾಳಿಗೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲಕ್ಕೆಂದೇ ತಂದ ಯಂತ್ರ ಮಳೆಗಾಲದಲ್ಲೇ ಕೈಕೊಡಬಾರದು, ಅಲ್ವಾ?

ನಿಮಗೆ ನಾನು ಹೇಳುವುದು 'ವೀಲ್ ಆನ್' ಟ್ರೈನರ್, ಅದರಲ್ಲೂ ಫ್ಲೂಯಿಡ್ ಮಾದರಿ. ಇದರಲ್ಲಿ ಚಕ್ರ ತೆಗೆಯಬೇಕಾಗಿಲ್ಲ. ಕಬ್ಬಿಣದ ಚೌಕಟ್ಟು ಹಿಂದಿನ ಆಕ್ಸಲ್ಲನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಟೈರಿಗೆ ಒಂದು ರೋಲರ್ ಒತ್ತಿಕೊಳ್ಳುತ್ತದೆ. ರೋಲರಿಗೆ ಸೇರಿದ ಡಬ್ಬಿಯೊಳಗೆ ಸಿಲಿಕೋನ್ ಎಣ್ಣೆ, ಅದರಲ್ಲಿ ತಿರುಗುವ ರೆಕ್ಕೆ. ಜೋರಾಗಿ ತುಳಿದಷ್ಟೂ ಎಣ್ಣೆ ಹೆಚ್ಚು ತಡೆಯುತ್ತದೆ. ನಿಮ್ಮ ಸೈಕಲ್ಲಿನ ಗೇರು ಬದಲಿಸಿದರೆ ಸಾಕು, ಏರು, ಸಮತಟ್ಟು ಎಲ್ಲ ಅದರಲ್ಲೇ ಸಿಗುತ್ತದೆ. ವೈರಿಲ್ಲ, ಪ್ಲಗ್ಗಿಲ್ಲ. ಎಣ್ಣೆ ಬಿಸಿಯಾಗುವವರೆಗೆ ಮೊದಲ ಕೆಲವು ನಿಮಿಷ ಬಿಗಿ ಬದಲಾಗುತ್ತಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಕಾಲೂ ಬೆಚ್ಚಗಾಗಲಿ, ಹಗುರವಾಗಿ ತುಳಿಯಿರಿ.

ಇದಕ್ಕಿಂತ ಅಗ್ಗದ್ದು ಮ್ಯಾಗ್ನೆಟಿಕ್. ಹ್ಯಾಂಡಲ್ಲಿಗೆ ಕಟ್ಟಿದ ಒಂದು ಲಿವರ್ ತಿರುಗಿಸಿ ಬಿಗಿ ಹೆಚ್ಚು ಕಡಿಮೆ ಮಾಡುವುದು. ಕೆಲಸ ನಡೆಯುತ್ತದೆ, ಆದರೆ ತುಳಿಯುವಾಗ ರಸ್ತೆಯ ಅನುಭವ ಕಮ್ಮಿ, ಸದ್ದು ಸ್ವಲ್ಪ ಜಾಸ್ತಿ. ಹಣ ಕೂಡದಿದ್ದರೆ ಧೈರ್ಯವಾಗಿ ಇದನ್ನೇ ತನ್ನಿ. ಫ್ಯಾನಿನ ರೆಕ್ಕೆ ಇರುವ ಹಳೇ ಗಾಳಿ ಮಾದರಿಯನ್ನು ಮಾತ್ರ ತರಬೇಡಿ. ಮನೆಯವರಿಗೆಲ್ಲ ತಲೆನೋವು.

ಈಗ ಆಕ್ಸಲ್ ನೋಡಿ. ಒಂದು ಕಡೆ ಚಿಕ್ಕ ಹಿಡಿ ಇದ್ದು, ಹೊರಕ್ಕೆ ಎಳೆದರೆ ಚಕ್ರ ಸಡಿಲವಾಗುತ್ತದೆಯೇ? ಹಾಗಿದ್ದರೆ ಅದು ಕ್ವಿಕ್ ರಿಲೀಸ್. ಟ್ರೈನರಿನ ಜೊತೆ ಒಂದು ಉಕ್ಕಿನ ಸ್ಕ್ಯೂವರ್ (ಆಕ್ಸಲ್ಲಿನೊಳಗೆ ತೂರಿಸಿ ಬಿಗಿಯುವ ಕಡ್ಡಿ) ಕೊಡುತ್ತಾರೆ, ನಿಮ್ಮದನ್ನು ತೆಗೆದು ಅದನ್ನು ಹಾಕಬೇಕು. ಹಳೆಯದನ್ನೇ ಬಿಟ್ಟರೆ ಹಿಡಿತ ಸರಿಯಾಗಿ ಕೂರುವುದಿಲ್ಲ. ಎರಡೂ ಕಡೆ ನಟ್ ಇದ್ದರೆ ಆ ನಟ್ ಟ್ರೈನರಿನ ಬಟ್ಟಲಿನೊಳಗೆ ಕೂರುತ್ತದೆಯೇ ಅಂತ ಅಂಗಡಿಯಲ್ಲೇ ಕೂರಿಸಿ ನೋಡಿ. ಇದಕ್ಕೆಂದೇ ಬೇರೆ ನಟ್‌ಗಳೂ ಬರುತ್ತವೆ. ಆಕ್ಸಲ್ಲಿಗೆ ಕ್ಯಾರಿಯರ್, ಮಡ್‌ಗಾರ್ಡ್ ಕಡ್ಡಿ, ಸ್ಟ್ಯಾಂಡ್ ಸೇರಿಸಿ ಬಿಗಿದಿದ್ದರೆ ಮೊದಲು ಅವನ್ನು ಬಿಚ್ಚಿಸಬೇಕು. ನಮ್ಮ ಊರಿನ ಸೈಕಲ್‌ಗಳಲ್ಲಿ ಇದೇ ದೊಡ್ಡ ತೊಡಕು. ಪರದೇಶದ ವಿಡಿಯೋ ನೋಡಿ ಕೊಂಡವರಿಗೆ ಇದು ಮನೆಗೆ ತಂದ ಮೇಲೆಯೇ ಗೊತ್ತಾಗುವುದು.

ಕೂರಿಸುವ ಕ್ರಮ ಹೀಗೆ. ಪ್ರತಿ ಸಲ ಟೈರಿಗೆ ಒಂದೇ ಅಳತೆಯ ಗಾಳಿ ಇರಲಿ. ರೋಲರ್ ಟೈರಿಗೆ ತಾಗಿದ ಮೇಲೆ ತಿರುಪನ್ನು ಇನ್ನೂ ಒಂದೂವರೆ, ಎರಡು ಸುತ್ತು ಬಿಗಿಯಿರಿ. ಆಮೇಲೆ ರೋಲರನ್ನು ಕೈಯಲ್ಲಿ ಹಿಡಿದು ಚಕ್ರ ತಿರುಗಿಸಲು ನೋಡಿ. ಜಾರಿದರೆ ಸಡಿಲ ಇದೆ ಅಂತ ಅರ್ಥ. ತುಳಿದಾದ ಮೇಲೆ ರೋಲರ್ ಸಡಿಲ ಮಾಡಿಯೇ ಏಳಿ, ಇಲ್ಲದಿದ್ದರೆ ಟೈರು ಒಂದೇ ಜಾಗದಲ್ಲಿ ಒತ್ತಿಕೊಂಡು ಕೂರುತ್ತದೆ. ಹಿಂಭಾಗ ಸ್ವಲ್ಪ ಎತ್ತರವಾಗುವುದರಿಂದ ಮುಂದಿನ ಚಕ್ರದ ಕೆಳಗೆ ಒಂದು ಮರದ ಹಲಗೆ ಕೊಡಿ. ಕೈಮೇಲೆ ಭಾರ ಬೀಳುವುದು ತಪ್ಪುತ್ತದೆ.

ಟೈರು ಸವೆಯುತ್ತದೆ, ನೆಲದ ಮೇಲೆ ಕರಿ ಪುಡಿ ಬೀಳುತ್ತದೆ. ಗಾಬರಿ ಬೇಡ. ನಿಮ್ಮ ಹಳೇ ಸವೆದ ಟೈರು ಇದ್ದರೆ ಮಳೆಗಾಲಕ್ಕೆ ಅದನ್ನೇ ಹಾಕಿ. ಟ್ರೈನರಿಗೆಂದೇ ಗಟ್ಟಿ ರಬ್ಬರಿನ ಟೈರೂ ಸಿಗುತ್ತದೆ, ಅದನ್ನು ಹಾಕಿಕೊಂಡು ರಸ್ತೆಗೆ ಮಾತ್ರ ಇಳಿಯಬಾರದು. ಹಿಡಿತ ಇರುವುದಿಲ್ಲ.

ಪ್ರಶ್ನೆ: ನನ್ನದು ದಪ್ಪ ಹಲ್ಲಿನ ಟೈರಿರುವ ಎಂಟಿಬಿ (ಗುಡ್ಡಗಾಡಿನ ಸೈಕಲ್). ವೀಲ್ ಆನ್ ಟ್ರೈನರಿಗೆ ಹಾಕಬಹುದಾ?
— ಚಿಕ್ಕಮಗಳೂರು

ಉತ್ತರ: ಆ ಟೈರಿನಲ್ಲಿ ಬೇಡ. ಹಲ್ಲುಗಳು ರೋಲರಿಗೆ ಬಡಿದು ಮನೆ ನಡುಗುತ್ತದೆ. ಹಿಂದಕ್ಕೆ ಒಂದು ನುಣುಪು ಟೈರು ಹಾಕಿಸಿ, ಅಗಲ ಟ್ರೈನರಿನ ಮಿತಿಯೊಳಗೆ ಇದೆಯೇ ನೋಡಿ. ಆಕ್ಸಲ್ 12 ಮಿಲಿಮೀಟರಿನ ದಪ್ಪ ಥ್ರೂ ಆಕ್ಸಲ್ (ಫ್ರೇಮಿನ ಮೂಲಕ ತೂರಿಸಿ ಬಿಗಿಯುವ ಅಚ್ಚು) ಆಗಿದ್ದರೆ ಅದಕ್ಕೆ ಅಡಾಪ್ಟರ್ ಬೇರೆ ಕೊಳ್ಳಬೇಕು. 142 ಮತ್ತು 148 ಮಿಲಿಮೀಟರ್ ಅಂತ ಎರಡು ಅಗಲ ಇವೆ, ಅಳೆದುಕೊಂಡೇ ಹೋಗಿ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಮೂರನೇ ಮಹಡಿ ನಮ್ಮದು. ಬೆಳಿಗ್ಗೆ ಐದೂವರೆಗೆ ಟ್ರೈನರ್ ಮೇಲೆ ಕೂತರೆ ಕೆಳಗಿನ ಮನೆಯವರು 'ಗ್ರೈಂಡರ್ ಹಾಕಿದ್ದೀರಾ' ಅಂತ ಫೋನ್ ಮಾಡುತ್ತಾರೆ. ನಮ್ಮ ಹಾಲಿನಲ್ಲಿ ಅಷ್ಟು ಸದ್ದೇ ಇಲ್ಲ! ಬೆವರು ಬೇರೆ ಕಿತ್ತುಕೊಂಡು ಬರುತ್ತದೆ, ಹೊರಗೆ ಇದಕ್ಕಿಂತ ಜೋರಾಗಿ ಹೊಡೆದರೂ ಹಾಗಾಗುವುದಿಲ್ಲ. ಏನು ಮಾಡಲಿ?
— ಜೆ.ಪಿ. ನಗರ

ಉತ್ತರ: ನೀವು ಹೇಳುವುದೂ ನಿಜ, ಅವರು ಹೇಳುವುದೂ ನಿಜ. ನಿಮ್ಮ ಕಿವಿಗೆ ಬೀಳುವುದು ಗಾಳಿಯಲ್ಲಿ ಬರುವ ಸದ್ದು. ಅವರಿಗೆ ಹೋಗುವುದು ನೆಲದ ಮೂಲಕ ಇಳಿಯುವ ಅದುರು. ಟ್ರೈನರಿನ ಕಾಲು ನೇರವಾಗಿ ಟೈಲ್ಸ್ ಮೇಲಿದ್ದರೆ ಇಡೀ ಸ್ಲ್ಯಾಬ್ ಕಂಪಿಸುತ್ತದೆ. ಯೋಗದ ಚಾಪೆ ಹಾಸಿದರೆ ಅದು ಭಾರಕ್ಕೆ ಚಪ್ಪಟೆಯಾಗಿ ಕೂರುತ್ತದೆ, ಪ್ರಯೋಜನ ಕಮ್ಮಿ. ಜಿಮ್‌ಗಳಲ್ಲಿ ಹಾಸುವ ಗಟ್ಟಿ ರಬ್ಬರ್ ಮ್ಯಾಟ್ ತನ್ನಿ. ಅದರ ಮೇಲೆ ದಪ್ಪ ಪ್ಲೈವುಡ್ ಹಲಗೆ, ಹಲಗೆಯ ಮೇಲೆ ಟ್ರೈನರ್. ಹಾಲಿನ ನಟ್ಟನಡುವೆ ಇಡಬೇಡಿ, ಸ್ಲ್ಯಾಬ್ ಜಾಸ್ತಿ ಅದುರುವುದು ಅಲ್ಲೇ. ಕಂಬ ಅಥವಾ ತೊಲೆಯ ಪಕ್ಕದ ಮೂಲೆಗೆ ಸರಿಸಿ. ಇದೊಂದಕ್ಕೆ ಖರ್ಚೂ ಇಲ್ಲ, ಇಂದೇ ಮಾಡಿ ನೋಡಿ.

ನಿಮ್ಮದು ಬಿಗಿಯನ್ನು ತಾನೇ ಹೊಂದಿಸಿಕೊಳ್ಳುವ ಸ್ಮಾರ್ಟ್ ಟ್ರೈನರ್ ಆಗಿದ್ದರೆ ಪೆಡಲಿನ ಪಕ್ಕದ ಚಿಕ್ಕ ಹಲ್ಲುಚಕ್ರಕ್ಕೆ ಚೈನು ಇಳಿಸಿ ತುಳಿಯಿರಿ. ಒಳಗಿನ ಫ್ಲೈವೀಲ್ (ಭಾರದ ಚಕ್ರ) ನಿಧಾನ ತಿರುಗುತ್ತದೆ, ಸದ್ದು ತಗ್ಗುತ್ತದೆ, ವ್ಯಾಯಾಮ ಅಷ್ಟೇ ಆಗುತ್ತದೆ. ಹೊಸದಾಗಿ ಕೊಳ್ಳುವವರಾದರೆ ಅಪಾರ್ಟ್‌ಮೆಂಟಿಗೆ ನಾನು ಡೈರೆಕ್ಟ್ ಡ್ರೈವನ್ನೇ ಹೇಳುತ್ತೇನೆ. ಟೈರು ರೋಲರಿಗೆ ಉಜ್ಜುವ ಸದ್ದೇ ಇರುವುದಿಲ್ಲ, ಉಳಿಯುವುದು ಚೈನಿನದ್ದು ಮಾತ್ರ. ಚೈನಿಗೆ ಎಣ್ಣೆ ಇದ್ದರೆ ಅದೂ ಕಮ್ಮಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಲ ಕೆಳಗಿನ ಮನೆಗೆ ಹೋಗಿ ಮಾತಾಡಿ. ಅವರಿಗೆ ಯಾವ ಹೊತ್ತು ಪರವಾಗಿಲ್ಲ ಅಂತ ಕೇಳಿ, ಆ ಹೊತ್ತಿಗೆ ತುಳಿಯಿರಿ. ಐದೂವರೆಗೆ ನಂದಿಬೆಟ್ಟದ ದಾರಿಯಲ್ಲಿ ಇರುವವರು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಮನೆಯೊಳಗಿನ ಸೈಕಲ್ಲಿಗೆ ಆ ಅನುಕೂಲ ಇಲ್ಲ.

ಬೆವರಿನ ವಿಷಯಕ್ಕೆ ಬರುತ್ತೇನೆ. ತುಳಿಯುವಾಗ ನಮ್ಮ ದೇಹ ಉರಿಸುವ ಶಕ್ತಿಯಲ್ಲಿ ಪೆಡಲಿಗೆ ಹೋಗುವುದು ಕಾಲು ಭಾಗ ಮಾತ್ರ, ಅದೂ ಇಲ್ಲ. ಉಳಿದದ್ದೆಲ್ಲ ಶಾಖ. ಪೆಡಲಿಗೆ 150 ವ್ಯಾಟ್ ಹಾಕುತ್ತಿದ್ದರೆ 450 ವ್ಯಾಟಿಗೂ ಜಾಸ್ತಿ ಶಾಖ ಮೈಯಿಂದ ಹೊರಗೆ ಹೋಗಬೇಕು. ರಸ್ತೆಯಲ್ಲಿ ಎದುರುಗಾಳಿ ಅದನ್ನು ಹೊತ್ತೊಯ್ಯುತ್ತದೆ. ಮನೆಯಲ್ಲಿ ನೀವು ನಿಂತಲ್ಲೇ ಇರುತ್ತೀರಿ. ಅದಕ್ಕೇ ಎದೆಬಡಿತ ಏರುತ್ತದೆ, ಬೇಗ ಸುಸ್ತಾಗುತ್ತದೆ. ತಲೆಯ ಮೇಲಿನ ಸೀಲಿಂಗ್ ಫ್ಯಾನ್ ಸಾಲದು. ಎದುರಿಗೆ, ಎದೆಮಟ್ಟಕ್ಕೆ ಒಂದು ಪೆಡೆಸ್ಟಲ್ ಫ್ಯಾನ್ ಇಡಿ, ಕಿಟಕಿ ತೆರೆಯಿರಿ. ಟ್ರೈನರಿಗೆ ಹಣ ಎತ್ತಿಡುವಾಗಲೇ ಫ್ಯಾನಿಗೂ ಎತ್ತಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹ್ಯಾಂಡಲ್ ಮೇಲೆ ಒಂದು ಟವೆಲ್ ಹೊದಿಸಿ. ಬೆವರಿನ ಉಪ್ಪು ಹ್ಯಾಂಡಲ್ ಕತ್ತಿನ ಬೋಲ್ಟುಗಳಿಗೆ, ಬೇರಿಂಗಿಗೆ ಇಳಿದರೆ ತುಕ್ಕು ಒಳಗಿಂದೊಳಗೇ ತಿನ್ನುತ್ತದೆ. ಹೊರಗೆ ಥಳಥಳ ಹೊಳೆಯುವ ಸೈಕಲ್ಲಿನ ಟೇಪ್ ಬಿಚ್ಚಿದರೆ ಅಲ್ಯೂಮಿನಿಯಂ ಹ್ಯಾಂಡಲ್ಲಿಗೆ ಬಿಳಿ ಬೂಷ್ಟು ಹಿಡಿದ ಹಾಗೆ ತೂತು ಬಿದ್ದಿರುವುದನ್ನು ನಾನು ಅಂಗಡಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಂಥ ಹ್ಯಾಂಡಲ್ ರಸ್ತೆಯಲ್ಲಿ ಮುರಿದರೆ ಹಲ್ಲು ಉಳಿಯುವುದಿಲ್ಲ.

ಪ್ರಶ್ನೆ: ಅಮ್ಮನಿಗೆ 63 ವರ್ಷ, ಮಂಡಿನೋವು. ಡಾಕ್ಟರು ಸೈಕಲ್ ತುಳಿಯಲು ಹೇಳಿದ್ದಾರೆ. ಮನೆಯಲ್ಲಿ ನನ್ನ ಗೇರ್ ಸೈಕಲ್ ಸುಮ್ನೆ ನಿಂತಿದೆ. ಅದಕ್ಕೇ ಟ್ರೈನರ್ ಹಾಕಿ ಅಮ್ಮನಿಗೆ ಕೊಡಬಹುದಾ?
— ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ. ನಿಮ್ಮ ಸೈಕಲ್ಲಿನ ಅಡ್ಡಕಂಬಿ ದಾಟಿ ಅಮ್ಮ ಹತ್ತಬೇಕು, ಇಳಿಯಬೇಕು, ಅದೂ ನೋವಿರುವ ಮಂಡಿಯಲ್ಲಿ. ಸೀರೆ ಉಟ್ಟಿದ್ದರಂತೂ ಆಗದ ಮಾತು, ಸೆರಗು ಚೈನಿಗೆ ಸಿಕ್ಕುವ ಭಯ ಬೇರೆ. ಅವರಿಗೆ ಬೇಕಾದದ್ದು ವ್ಯಾಯಾಮದ ಸೈಕಲ್. ಅದರಲ್ಲೂ ಬೆನ್ನಿಗೆ ಒರಗು ಇರುವ, ಕುರ್ಚಿಯ ಹಾಗೆ ಕೂತು ಕಾಲು ಮುಂದೆ ಚಾಚಿ ತುಳಿಯುವ ರಿಕಂಬೆಂಟ್ ಮಾದರಿ ಒಳ್ಳೆಯದು. ಅದಕ್ಕೆ ಜಾಗ ಇಲ್ಲವೆಂದರೆ ನಡುವೆ ತಗ್ಗಾಗಿದ್ದು ಸುಲಭವಾಗಿ ಕಾಲು ದಾಟಿಸುವ ನೇರ ಮಾದರಿ ಆಗಬಹುದು. ಬಿಗಿ ಮಾಡಲು ಮ್ಯಾಗ್ನೆಟ್ ಇರುವುದನ್ನೇ ಕೇಳಿ. ಚಕ್ರಕ್ಕೆ ಪ್ಯಾಡ್ ಒತ್ತುವ ಮಾದರಿಯಲ್ಲಿ ಪ್ಯಾಡ್ ಸವೆಯುತ್ತದೆ, ತುಳಿತ ಒಂದೇ ಸಮ ಇರುವುದಿಲ್ಲ.

ಜಿಮ್‌ನಲ್ಲಿರುವ ಸ್ಪಿನ್ ಬೈಕ್ ಮಾತ್ರ ಅಮ್ಮನಿಗೆ ತರಲೇಬೇಡಿ. ಅದರಲ್ಲಿ ಭಾರದ ಚಕ್ರ ತಿರುಗುತ್ತಿರುವಷ್ಟು ಹೊತ್ತೂ ಪೆಡಲು ತಾನೂ ತಿರುಗುತ್ತಲೇ ಇರುತ್ತದೆ. ನೋವಾಯಿತೆಂದು ಕಾಲು ನಿಲ್ಲಿಸಿದರೂ ಪೆಡಲು ನಿಲ್ಲುವುದಿಲ್ಲ, ಮಂಡಿಯನ್ನು ಎಳೆದುಕೊಂಡು ಹೋಗುತ್ತದೆ. ಮಾರುವವರು ಇದನ್ನು ಹೇಳುವುದು ಅಪರೂಪ.

ಸೀಟಿನ ಎತ್ತರ ನೀವೇ ಪಕ್ಕದಲ್ಲಿ ನಿಂತು ಹೊಂದಿಸಿ. ಪೆಡಲು ಪೂರ್ತಿ ಕೆಳಗೆ ಹೋದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ರಿಕಂಬೆಂಟ್ ಆದರೆ ಸೀಟನ್ನು ಹಿಂದಕ್ಕೆ ಮುಂದಕ್ಕೆ ಸರಿಸಿ ಇದೇ ಅಳತೆ ಹಿಡಿಯಿರಿ. ಮಂಡಿಯ ಮುಂಭಾಗ ನೋಯುತ್ತದೆ ಅಂದರೆ ಸಾಮಾನ್ಯವಾಗಿ ಸೀಟು ತಗ್ಗಿರುತ್ತದೆ, ಹಿಂಭಾಗ ನೋಯುತ್ತದೆ ಅಂದರೆ ಎತ್ತರವಿರುತ್ತದೆ. ಅಮ್ಮ ನೋವಾದರೂ ಬಾಯಿಬಿಟ್ಟು ಹೇಳದೆ ಇರಬಹುದು, ಹಾಗಾಗಿ ನೀವೇ ಕೇಳಿ. ಮೊದಲ ವಾರ ಬಿಗಿಯಿಲ್ಲದೆ ಐದೇ ನಿಮಿಷ ಸಾಕು. ಮಂಡಿ ಊದಿದರೆ ನಿಲ್ಲಿಸಿ ಡಾಕ್ಟರನ್ನೋ ಫಿಸಿಯೋಥೆರಪಿಯವರನ್ನೋ ಕೇಳಿ. ಎದೆ ಹಿಡಿದರೆ, ತಲೆ ಸುತ್ತಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಪಿಯುಸಿ ಓದುತ್ತಿದ್ದೇನೆ, ರೋಡ್ ರೇಸ್ ಆಡುತ್ತೇನೆ. ನಮ್ಮ ಕಡೆ ಮಳೆ ಕಡಿಮೆ, ಆದರೆ ಹೈವೇಯಲ್ಲಿ ಲಾರಿ ಜಾಸ್ತಿ, ಕತ್ತಲಲ್ಲಿ ಪ್ರಾಕ್ಟೀಸ್ ಮಾಡಲು ಮನೆಯಲ್ಲಿ ಬಿಡುವುದಿಲ್ಲ. ಮಾವ ಟ್ರೈನರ್ ಕೊಡಿಸುತ್ತೇನೆ ಅಂದಿದ್ದಾರೆ. ರೋಲರ್ ತಗೊಳ್ಳಲೋ, ಸ್ಮಾರ್ಟ್ ಟ್ರೈನರ್ ತಗೊಳ್ಳಲೋ? ಮನೆಯಲ್ಲೇ ತುಳಿದರೆ ರೇಸಿಗೆ ಸಾಕಾಗುತ್ತದಾ?
— ವಿಜಯಪುರ

ಉತ್ತರ: ನಿನ್ನ ಪತ್ರ ಓದಿ ತುಂಬ ಖುಷಿಯಾಯಿತು ತಮ್ಮಾ. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಾಗಲೆಲ್ಲ ನಮ್ಮ ಅಂಗಡಿಯಲ್ಲಿ ಅದೇ ಮಾತು. ಕತ್ತಲಲ್ಲಿ ಹೈವೇಗೆ ಬಿಡುವುದಿಲ್ಲ ಅಂತ ಮನೆಯವರು ಹೇಳಿದ್ದು ಸರಿಯಾಗಿದೆ, ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡ.

ರೋಲರ್ ಅಂದರೆ ಮೂರು ಉರುಳೆ, ಸೈಕಲ್ಲನ್ನು ಯಾವುದೂ ಹಿಡಿದಿರುವುದಿಲ್ಲ. ಸಮತೋಲನ ನಿನ್ನದೇ. ಪೆಡಲನ್ನು ಒದೆಯುವ ಹಾಗೆ ತುಳಿಯುವವರಿಗೆ ದುಂಡಗೆ ತುಳಿಯುವುದನ್ನು ಇದು ಕಲಿಸುತ್ತದೆ. ಟ್ರ್ಯಾಕ್ ಸವಾರರು ರೇಸಿಗೆ ಮುಂಚೆ ಮೈ ಬೆಚ್ಚಗೆ ಮಾಡಿಕೊಳ್ಳುವುದು ಇದರ ಮೇಲೇ. ಆದರೆ ಮೈಯೆಲ್ಲ ಶಕ್ತಿ ಬಿಟ್ಟು ಸ್ಪ್ರಿಂಟ್ ಹೊಡೆಯಲು, ಏರಿನ ಅಭ್ಯಾಸಕ್ಕೆ ಸಾಮಾನ್ಯ ರೋಲರ್ ಸಾಲದು.

ನಿನಗೆ ಬೇಕಾದದ್ದು ವ್ಯಾಟ್ ಲೆಕ್ಕ. ಅದಕ್ಕೆ ಸ್ಮಾರ್ಟ್ ಟ್ರೈನರ್ ಬೇಕು. ನಿನ್ನದು ರೇಸಿಂಗ್ ಸೈಕಲ್ ಆದ್ದರಿಂದ ಕ್ಯಾಸೆಟ್ ತೊಂದರೆ ಇರಲಾರದು. ನಿನ್ನ ಸೈಕಲ್ಲಿನಲ್ಲಿ ಎಷ್ಟು ಗೇರೋ ಅಷ್ಟರದ್ದೇ ಕ್ಯಾಸೆಟ್ ಟ್ರೈನರಿಗೂ ಹಾಕಿಸು. ಡೈರೆಕ್ಟ್ ಡ್ರೈವ್ ಯಂತ್ರಗಳು ತೋರಿಸುವ ವ್ಯಾಟ್ ಸಾಮಾನ್ಯವಾಗಿ ಶೇಕಡಾ 1ರಿಂದ 3ರ ಒಳಗೆ ಸರಿ ಇರುತ್ತದೆ ಅಂತ ಕಂಪನಿಗಳು ಹೇಳುತ್ತವೆ. ವೀಲ್ ಆನ್ ಸ್ಮಾರ್ಟ್ ಟ್ರೈನರ್‌ಗಳಲ್ಲಿ ಟೈರಿನ ಗಾಳಿ, ಬಿಸಿ ಎಲ್ಲ ಸೇರಿ ವ್ಯತ್ಯಾಸ ಜಾಸ್ತಿ. ಬ್ಲೂಟೂತ್ ಇದ್ದರೆ ಮೊಬೈಲಿಗೇ ಜೋಡಿಸಬಹುದು. ಪರದೆಯ ಮೇಲೆ ರಸ್ತೆ ತೋರಿಸಿ ತುಳಿಸುವ ಆ್ಯಪ್‌ಗಳಲ್ಲಿ ಝ್ವಿಫ್ಟಿಗೆ ತಿಂಗಳು ತಿಂಗಳು ಹಣ ಕಟ್ಟಬೇಕು, ಮೈವೂಷ್ ಉಚಿತ. ಮಾವನಿಗೆ ಅಷ್ಟಾದರೂ ಉಳಿಯಲಿ.

ಮೊದಲು 20 ನಿಮಿಷದ ಪರೀಕ್ಷೆ ಮಾಡು. ಚೆನ್ನಾಗಿ ಮೈ ಬೆಚ್ಚಗಾದ ಮೇಲೆ 20 ನಿಮಿಷ ನಿನ್ನಿಂದಾಗುವಷ್ಟು ಒಂದೇ ಸಮನೆ ತುಳಿ. ಅದರ ಸರಾಸರಿ ವ್ಯಾಟನ್ನು 0.95ರಿಂದ ಗುಣಿಸು. ಸರಾಸರಿ 240 ಬಂದರೆ 228. ಕೋಚ್ ಕೊಡುವ ಅಭ್ಯಾಸವೆಲ್ಲ ಈ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಹೊರಗೆ ಇಳಿಜಾರು, ತಿರುವು, ಎದುರು ಬರುವ ಎತ್ತಿನಗಾಡಿ ಅಂತ ಕಾಲಿಗೆ ಬಿಡುವು ಸಿಗುತ್ತದೆ. ಟ್ರೈನರ್ ಮೇಲೆ ಸಿಗುವುದಿಲ್ಲ. ಹಾಗಾಗಿ ಒಂದು ಗಂಟೆಗಿಂತ ಜಾಸ್ತಿ ಕೂರಲು ಹೋಗಬೇಡ. ನಡುನಡುವೆ ಎದ್ದು ನಿಂತು ತುಳಿ, ಸೀಟಿನ ಒತ್ತು ಬಿಡಲಿ.

ಮನೆಯಲ್ಲೇ ತುಳಿದರೆ ಸಾಕಾ ಅಂತ ಕೇಳಿದ್ದೀಯ. 2020ರಲ್ಲಿ ಯುಸಿಐ (ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಮೊದಲ ಸಲ ಸೈಕ್ಲಿಂಗ್ ಇಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಸವಾರರು ಟ್ರೈನರ್ ಮೇಲೆ ಕೂತೇ ಸ್ಪರ್ಧಿಸಿದರು. ಪುರುಷರಲ್ಲಿ ಗೆದ್ದ ಜರ್ಮನಿಯ ಜೇಸನ್ ಆಸ್ಬೋರ್ನ್ ಆಗ ದೋಣಿ ಹುಟ್ಟುಹಾಕುವ ಕ್ರೀಡಾಪಟು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ರೋಯಿಂಗಿನಲ್ಲೇ ಬೆಳ್ಳಿ ಗೆದ್ದ, ಆಮೇಲೆ ವೃತ್ತಿಪರ ಸೈಕಲ್ ತಂಡ ಸೇರಿದ. ಕಾಲಿನ ಬಲ, ಉಸಿರಿನ ಬಲ ಕೋಣೆಯೊಳಗೂ ಬೆಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಗುಂಪಿನಲ್ಲಿ ಪಕ್ಕದವನ ಭುಜಕ್ಕೆ ತಾಗಿಕೊಂಡು ಹೋಗುವುದು, ತಿರುವಿನಲ್ಲಿ ಬಾಗುವುದು, ಗಾಳಿ ತಪ್ಪಿಸಿಕೊಂಡು ಮುಂದಿನವನ ಹಿಂದೆ ಕೂರುವುದು ರಸ್ತೆಯಲ್ಲೇ ಬರಬೇಕು. ವಾರದ ನಡುವೆ ಮನೆಯಲ್ಲಿ ತುಳಿ, ಭಾನುವಾರ ಬೆಳಕಿನಲ್ಲಿ ಗೆಳೆಯರ ಜೊತೆ ಹೊರಗೆ ಹೋಗು.

ಪ್ರಶ್ನೆ: ಲಾಕ್‌ಡೌನ್ ಕಾಲದಲ್ಲಿ ಕೊಂಡ ಟ್ರೈನರ್‌ಗಳು ಈಗ ಸೆಕೆಂಡ್ ಹ್ಯಾಂಡ್ ಸಿಗುತ್ತಿವೆ. ತಗೊಳ್ಳಬಹುದಾ, ಏನು ನೋಡಬೇಕು?
— ಮೈಸೂರು

ಉತ್ತರ: ಖಂಡಿತ ತಗೊಳ್ಳಿ. ಎಷ್ಟೋ ಮನೆಗಳಲ್ಲಿ ಅವು ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗಿವೆ, ಒಳಗೆ ಹೊಸದರ ಹಾಗೇ ಇರುತ್ತವೆ. ಫೋಟೋ ನೋಡಿ ಹಣ ಕಳಿಸಬೇಡಿ. ನಿಮ್ಮ ಸೈಕಲ್ಲನ್ನೇ ತೆಗೆದುಕೊಂಡು ಹೋಗಿ, ಹತ್ತು ನಿಮಿಷ ತುಳಿದು ನೋಡಿ.

ಫ್ಲೂಯಿಡ್ ಆದರೆ ಡಬ್ಬಿಯ ಸುತ್ತ ಬೆರಳಾಡಿಸಿ. ಎಣ್ಣೆ ಜಿಡ್ಡು ಇದ್ದರೆ ಸೀಲ್ ಹೋಗಿದೆ, ಬಿಟ್ಟುಬಿಡಿ. ರಿಪೇರಿಗೆ ನಮ್ಮಂಥವರ ಹತ್ತಿರ ಬಿಡಿಭಾಗ ಸಿಗುವುದಿಲ್ಲ. ಡೈರೆಕ್ಟ್ ಡ್ರೈವ್ ಆದರೆ ಜೋರಾಗಿ ತುಳಿದು ಕಾಲು ನಿಲ್ಲಿಸಿ. ಫ್ಲೈವೀಲ್ ತಾನಾಗಿ ತಿರುಗಿ ನಿಲ್ಲುವಾಗ ಗರಗರ ಸದ್ದು ಬಂದರೆ ಬೇರಿಂಗ್ ಅಥವಾ ಬೆಲ್ಟ್ ಹೋಗಿದೆ. ಕ್ಯಾಸೆಟ್ಟಿನ ಹಲ್ಲು ಚೂಪಾಗಿದ್ದರೆ ಹೊಸದರ ಬೆಲೆ ಕಳೆದು ಮಾತಾಡಿ. ಅಡಾಪ್ಟರ್, ಸ್ಕ್ಯೂವರ್, ಸ್ಮಾರ್ಟ್ ಟ್ರೈನರಿನ ಕರೆಂಟ್ ಅಡಾಪ್ಟರ್ ಎಲ್ಲ ಇದೆಯೇ ಕೇಳಿ. ಅದೇ ವೋಲ್ಟೇಜಿನ ಅಡಾಪ್ಟರ್ ಬೇರೆ ಹುಡುಕುವುದು ಸುಲಭವಲ್ಲ. ಮೊಬೈಲಿಗೆ ಜೋಡಿಸಿ, ಆ್ಯಪಿನಲ್ಲಿ ಏರು ಬಂದಾಗ ಪೆಡಲು ನಿಜವಾಗಿ ಬಿಗಿಯಾಗುತ್ತದೆಯೇ ನೋಡಿ. ಮಾರುವವರು ಆ್ಯಪ್ ಖಾತೆಯಿಂದ ಟ್ರೈನರನ್ನು ಬಿಡಿಸಿಕೊಡಲಿ, ಬಿಲ್ ಇದ್ದರೆ ಅದನ್ನೂ ಕೇಳಿ ಇಸಿದುಕೊಳ್ಳಿ.